ಎಫ್‌ಎಸ್‌ಟಿ ಲೆಕ್ಕ ಹಾಕುವುದು ಹೇಗೆ? ಎರಡು ಸಮೂಹಗಳ ಆನುವಂಶಿಕ ಅಂತರ ಅಳೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

"ಅದೇ ಎರಡು ಸಮೂಹ, ಹೆಚ್ಚುಕಡಿಮೆ ಅದೇ ಡೇಟಾ. ಪ್ರಕಟವಾದ ಪ್ರಬಂಧದಲ್ಲಿ ಎಫ್‌ಎಸ್‌ಟಿ 0.11 ಅಂತಿದೆ, ನನಗೆ 0.05 ಬರ್ತಿದೆ. ಎಲ್ಲಿ ತಪ್ಪಿದ್ದೇನೆ?" ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ವನ್ಯಜೀವಿಗಳ ಡಿಎನ್‌ಎ ಮೇಲೆ ಕೆಲಸ ಮಾಡುವವರು, ಬೇರೆ ವಿಷಯದಿಂದ ಜೀನೋಮಿಕ್ಸ್‌ಗೆ ಬಂದವರು ಎಲ್ಲರೂ ಈ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತಲೇ ಇದ್ದಾರೆ. ಹೆಚ್ಚಿನ ಸಲ ಕೂಡು-ಕಳೆಯುವುದರಲ್ಲಿ ತಪ್ಪಿರುವುದಿಲ್ಲ. ಬಳಸಿದ ಸೂತ್ರ ಬೇರೆ, ಸರಾಸರಿ ತೆಗೆದ ಬಗೆ ಬೇರೆ, ಆರಿಸಿಕೊಂಡ ಮಾರ್ಕರುಗಳು, ಅಂದರೆ ಜೀನೋಮಿನಲ್ಲಿ ಹೋಲಿಸುವ ಜಾಗಗಳು, ಬೇರೆ. ಈ ಮೂರನ್ನು ಹೇಳದೆ ಎಫ್‌ಎಸ್‌ಟಿ ಎಂದು ಒಂದು ಸಂಖ್ಯೆ ಕೊಟ್ಟರೆ ಅದನ್ನು ಯಾವುದರ ಜತೆಗೂ ಹೋಲಿಸಲು ಬರುವುದಿಲ್ಲ. ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಒಮ್ಮೆ ನಡೆದು ನೋಡೋಣ.

ಶುರು ಮಾಡುವ ಮೊದಲು

ಜೀನೋಮಿನ ಒಂದು ಜಾಗದಲ್ಲಿ ಕೆಲವರಿಗೆ ಎ ಅಕ್ಷರ, ಕೆಲವರಿಗೆ ಜಿ ಅಕ್ಷರ ಇದೆ ಎನ್ನಿ. ಒಂದೇ ಅಕ್ಷರ ಬದಲಾಗುವ ಇಂಥ ಜಾಗಕ್ಕೆ ಸ್ನಿಪ್ ಎನ್ನುತ್ತಾರೆ. ಅಲ್ಲಿ ಸಿಗುವ ಒಂದೊಂದು ರೂಪವೂ ಒಂದು ಆಲೀಲ್. ಒಬ್ಬ ವ್ಯಕ್ತಿಯಲ್ಲಿ ತಾಯಿಯಿಂದ ಬಂದದ್ದು ಒಂದು, ತಂದೆಯಿಂದ ಬಂದದ್ದು ಒಂದು, ಹೀಗೆ ಎರಡು ಪ್ರತಿ ಇರುತ್ತವೆ. ಸಮೂಹದ ಒಟ್ಟು ಪ್ರತಿಗಳಲ್ಲಿ ಒಂದು ಆಲೀಲಿನ ಪಾಲು ಎಷ್ಟೋ ಅದು ಆಲೀಲ್ ಪ್ರಮಾಣ. ಸಮೂಹದಿಂದ ಎರಡು ಪ್ರತಿಗಳನ್ನು ಕಣ್ಣುಮುಚ್ಚಿ ಎತ್ತಿಕೊಂಡರೆ ಅವು ಬೇರೆ ಬೇರೆಯಾಗಿರುವ ಸಂಭವನೀಯತೆಗೆ ಹೆಟೆರೊಜೈಗಾಸಿಟಿ ಎಂದು ಹೆಸರು.

ಎಫ್‌ಎಸ್‌ಟಿ ಎಂಬ ಕಲ್ಪನೆ ಅಮೆರಿಕದ ಸೀವಾಲ್ ರೈಟ್ ಅವರದು. 1940 ಮತ್ತು 50ರ ದಶಕಗಳಲ್ಲಿ ಅವರು ಅದನ್ನು ಬೆಳೆಸಿದರು. ಫ್ರಾನ್ಸಿನ ಗುಸ್ತಾವ್ ಮಾಲೆಕೊ 1948ರಲ್ಲಿ ಸ್ವತಂತ್ರವಾಗಿ ಅದೇ ದಾರಿಗೆ ಬಂದಿದ್ದರು. ಸರಳವಾಗಿ ಹೇಳುವುದಾದರೆ, ಎಲ್ಲರನ್ನೂ ಒಟ್ಟು ಸೇರಿಸಿದಾಗ ಕಾಣುವ ವೈವಿಧ್ಯದಲ್ಲಿ ಎಷ್ಟು ಪಾಲು ಸಮೂಹಗಳ ನಡುವಿನ ವ್ಯತ್ಯಾಸದಿಂದ ಬಂದದ್ದು ಎಂಬುದೇ ಅದು. ಎರಡೂ ಕಡೆ ಆಲೀಲ್ ಪ್ರಮಾಣ ಒಂದೇ ಇದ್ದರೆ 0. ಒಂದು ಕಡೆ ಎಲ್ಲರಲ್ಲೂ ಎ, ಇನ್ನೊಂದು ಕಡೆ ಎಲ್ಲರಲ್ಲೂ ಜಿ ಇದ್ದರೆ 1.

ನಿಮಗೆ ಬೇಕಾದದ್ದು ಇಷ್ಟೇ: ಪ್ರತಿ ವ್ಯಕ್ತಿಯ ಜೀನೋಟೈಪ್ (ಒಂದೊಂದು ಸ್ನಿಪ್‌ನಲ್ಲಿ ಅವರಿಗಿರುವ ಎರಡು ಆಲೀಲ್‌ಗಳು) ಇರುವ ಕಡತ, ಯಾರು ಯಾವ ಸಮೂಹಕ್ಕೆ ಸೇರಿದವರು ಎಂಬ ಪಟ್ಟಿ, ಸಾಧಾರಣ ಲ್ಯಾಪ್‌ಟಾಪ್, ಮತ್ತು ಉಚಿತವಾಗಿ ಸಿಗುವ ಪ್ಲಿಂಕ್ ಅಥವಾ ವಿಸಿಎಫ್‌ಟೂಲ್ಸ್ ಎಂಬ ಸಾಫ್ಟ್‌ವೇರ್. ಸ್ವಂತ ಡೇಟಾ ಇಲ್ಲದವರು 1000 ಜೀನೋಮ್ಸ್ ಯೋಜನೆಯ ಡೇಟಾದಲ್ಲಿ ಅಭ್ಯಾಸ ಮಾಡಬಹುದು. ಯಾರು ಬೇಕಾದರೂ ಇಳಿಸಿಕೊಳ್ಳಲು ಅದು ಮುಕ್ತವಾಗಿದೆ. 2015ರ ಮೂರನೇ ಹಂತದ ಬಿಡುಗಡೆಯಲ್ಲಿ 26 ಸಮೂಹಗಳ 2,504 ಮಂದಿ ಇದ್ದಾರೆ. ದಕ್ಷಿಣ ಏಷ್ಯಾದ ಐದು ಸಮೂಹಗಳಿವೆ: ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನಲ್ಲಿ ನೆಲೆಸಿದ ತೆಲುಗರು ಮತ್ತು ಶ್ರೀಲಂಕಾ ತಮಿಳರು. ಕನ್ನಡಿಗರ ಪ್ರತ್ಯೇಕ ಗುಂಪು ಅದರಲ್ಲಿಲ್ಲ.

ಹಂತ 1: ಸಮೂಹ ಎಂದರೆ ಯಾರು ಎಂದು ತೀರ್ಮಾನಿಸಿ

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಪಟ್ಟಿಯಲ್ಲಿ "ತೆಲುಗು" ಎಂದು ಬರೆದ ಮಾತ್ರಕ್ಕೆ ಅದು ಒಂದೇ ಆನುವಂಶಿಕ ಸಮೂಹ ಆಗುವುದಿಲ್ಲ. ಭಾರತದಲ್ಲಿ ಮದುವೆಗಳು ಹತ್ತಾರು ತಲೆಮಾರುಗಳಿಂದ ಜಾತಿ, ಉಪಜಾತಿಗಳ ಒಳಗೇ ನಡೆದುಬಂದಿವೆ. ಡೇವಿಡ್ ರೈಕ್, ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮತ್ತಿತರರು 2009ರಲ್ಲಿ ಪ್ರಕಟಿಸಿದ ಅಧ್ಯಯನ 25 ಗುಂಪುಗಳ 132 ಮಂದಿಯನ್ನು ನೋಡಿ, ಭಾರತದ ಗುಂಪುಗಳ ನಡುವಿನ ಆಲೀಲ್ ಪ್ರಮಾಣದ ವ್ಯತ್ಯಾಸ ಯುರೋಪಿನ ಗುಂಪುಗಳ ನಡುವಿನದಕ್ಕಿಂತ ಹೆಚ್ಚು ಎಂದು ತೋರಿಸಿತು. ಪಕ್ಕಪಕ್ಕದ ಊರಿನಲ್ಲಿ ಒಂದೇ ಭಾಷೆ ಆಡುವ ಎರಡು ಸಮುದಾಯಗಳ ಅಂತರ, ದೂರದೂರದ ಎರಡು ರಾಜ್ಯಗಳ ಅಂತರಕ್ಕಿಂತ ಹೆಚ್ಚಿರಬಹುದು. ಭಾಷೆಯ ಹೆಸರಿನಲ್ಲಿ ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿದರೆ ಒಳಗಿನ ಅಂತರಗಳು ಮುಚ್ಚಿಹೋಗುತ್ತವೆ.

ಆದ್ದರಿಂದ ಎಫ್‌ಎಸ್‌ಟಿಗೆ ಕೈಹಾಕುವ ಮೊದಲು ಪಿಸಿಎ ಮಾಡಿ. ಲಕ್ಷಾಂತರ ಸ್ನಿಪ್‌ಗಳ ಮಾಹಿತಿಯನ್ನು ಎರಡು ಮೂರು ಅಕ್ಷಗಳಿಗೆ ಇಳಿಸಿ ಚಿತ್ರ ಬಿಡಿಸುವ ವಿಧಾನ ಅದು. ಒಂದು ಹೆಸರಿನ ಕೆಳಗೆ ಎರಡು ಮೋಡಗಳು ಕಂಡರೆ ಅಲ್ಲಿ ನಿಂತು ಯೋಚಿಸಿ. ಹ್ಯೂಸ್ಟನ್ನಿನ ಗುಜರಾತಿಗಳ ಡೇಟಾದಲ್ಲಿ ಇಂಥ ಒಡಕು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ, ನೀವೇ ಬಿಡಿಸಿ ನೋಡಬಹುದು. ಆದರೆ ಪಿಸಿಎ ನೋಡಿ ಗುಂಪು ಕಟ್ಟಿ, ಅದೇ ಗುಂಪುಗಳಿಗೆ ಎಫ್‌ಎಸ್‌ಟಿ ಲೆಕ್ಕ ಹಾಕಿ, "ನೋಡಿ, ಅಂತರ ಇದೆ" ಎಂದು ಹೇಳಬೇಡಿ. ಅಂತರ ಇರುವ ಕಡೆಯೇ ಗೆರೆ ಎಳೆದು ಅಂತರ ಅಳೆದಂತಾಗುತ್ತದೆ. ಗುಂಪು ಕಟ್ಟುವ ಆಧಾರ ಡಿಎನ್‌ಎ ಹೊರಗಿನದಾಗಿರಲಿ: ಊರು, ಸಮುದಾಯ, ಕಾಡು, ನದಿಯ ಈಚೆ ಆಚೆ.

ಪ್ರಾಣಿಗಳಲ್ಲೂ ಇದೇ ಮಾತು. ದಕ್ಷಿಣ ಭಾರತದ ಆನೆಗಳ ಮೇಲೆ ಟಿ.ಎನ್.ಸಿ. ವಿದ್ಯಾ, ಪೃಥ್ವಿರಾಜ್ ಫರ್ನಾಂಡೊ, ಡಾನ್ ಮೆಲ್ನಿಕ್ ಮತ್ತು ರಾಮನ್ ಸುಕುಮಾರ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಪಾಠ. ನೀಲಗಿರಿ-ಪೂರ್ವಘಟ್ಟ ಪ್ರದೇಶದ ಸುಮಾರು 15,000 ಚದರ ಕಿ.ಮೀ. ಒಳಗೆ ಜಾಗದಿಂದ ಜಾಗಕ್ಕೆ ಅಂತರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನಮ್ಮ ಬಂಡೀಪುರ, ನಾಗರಹೊಳೆ ಇದೇ ಕಾಡಿನ ಹರಹಿಗೆ ಸೇರಿದವು. ಆದರೆ ಪಶ್ಚಿಮಘಟ್ಟದ ಸಾಲು ಕಡಿದುಹೋಗುವ ಕಡೆ, ಬರೀ 40 ಕಿ.ಮೀ. ಅಗಲದ ಪಟ್ಟಿ ದಾಟಿದರೆ ಸಿಗುವ ಆನಮಲೈ ಮತ್ತು ಪೆರಿಯಾರ್ ಆನೆಗಳು ನೀಲಗಿರಿಯವಕ್ಕಿಂತ ಸ್ಪಷ್ಟವಾಗಿ ಬೇರೆ. ಆನಮಲೈ ಮತ್ತು ಪೆರಿಯಾರ್ ನಡುವೆ ಮಾತ್ರ ಅಂತರ ಕಾಣಲಿಲ್ಲ. ರಾಜ್ಯದ ಗಡಿ ಹಿಡಿದು ಕರ್ನಾಟಕದ ಆನೆ, ತಮಿಳುನಾಡಿನ ಆನೆ ಎಂದು ವಿಂಗಡಿಸಿದ್ದರೆ ಈ ಚಿತ್ರ ಕಲಸಿಹೋಗುತ್ತಿತ್ತು.

ಹಂತ 2: ಸ್ಯಾಂಪಲ್‌ಗಳನ್ನು ಸೋಸಿ

ಮೊದಲು ಸಂಬಂಧಿಕರನ್ನು ತೆಗೆಯಿರಿ. ಒಂದೇ ಕುಟುಂಬದ ನಾಲ್ವರು ಸೇರಿಕೊಂಡರೆ ಅವರ ಆಲೀಲ್‌ಗಳೇ ಸಮೂಹದ ಆಲೀಲ್‌ಗಳಂತೆ ಕಾಣುತ್ತವೆ, ಎಫ್‌ಎಸ್‌ಟಿ ಉಬ್ಬುತ್ತದೆ. ಪ್ಲಿಂಕ್ 2ರಲ್ಲಿ ಕಿಂಗ್ ವಿಧಾನದ ರಕ್ತಸಂಬಂಧ ಗುಣಾಂಕ ಸಿಗುತ್ತದೆ; 0.0884ರ ಮಿತಿ ಇಟ್ಟರೆ ಅಪ್ಪ-ಮಕ್ಕಳು, ಒಡಹುಟ್ಟಿದವರು, ಸೋದರಮಾವ-ಸೊಸೆಯಂಥ ಎರಡನೇ ಹಂತದವರೂ ಸೋಸಿಹೋಗುತ್ತಾರೆ. 1000 ಜೀನೋಮ್ಸ್‌ನ ಹೊಸ 30 ಪಟ್ಟು ಆಳದ (ಪ್ರತಿ ಜಾಗವನ್ನು ಸರಾಸರಿ 30 ಸಲ ಓದಿದ) ಬಿಡುಗಡೆಯಲ್ಲಿ 3,202 ಮಂದಿ ಇದ್ದಾರೆ. ಹೆಚ್ಚುವರಿಯಾಗಿ ಸೇರಿದವರು ತಂದೆ-ತಾಯಿ-ಮಗು ಎಂಬ ತ್ರಿವಳಿಗಳನ್ನು ಪೂರ್ತಿ ಮಾಡಲೆಂದೇ ಸೇರಿದವರು. ಜಾಸ್ತಿ ಇದ್ದಷ್ಟು ಒಳ್ಳೆಯದು ಎಂದು ಎಲ್ಲರನ್ನೂ ಸೇರಿಸಬೇಡಿ.

ಲದ್ದಿಯಿಂದ ಡಿಎನ್‌ಎ ತೆಗೆಯುವವರಿಗೆ ಎರಡು ಎಚ್ಚರಿಕೆ. ಒಂದೇ ಆನೆಯ ಲದ್ದಿಯನ್ನು ಎರಡು ಕಡೆ ಎತ್ತಿರಬಹುದು, ಜೀನೋಟೈಪ್ ಹೋಲಿಸಿ ನಕಲುಗಳನ್ನು ತೆಗೆಯಿರಿ. ಒಂದೇ ಹಿಂಡಿನ ಹೆಣ್ಣಾನೆಗಳು ತಾಯಿ, ಮಗಳು, ಚಿಕ್ಕಮ್ಮ ಆಗಿರುತ್ತವೆ, ಹಾಗಾಗಿ ಹಿಂಡಿಗೊಂದನ್ನು ಉಳಿಸಿಕೊಳ್ಳುವುದು ಮೇಲು.

ಎರಡನೆಯದು ಬ್ಯಾಚ್ ಸಮಸ್ಯೆ. ಒಂದು ಸಮೂಹದ ಸ್ಯಾಂಪಲ್‌ಗಳು ಒಂದು ಲ್ಯಾಬಿನಲ್ಲಿ, ಇನ್ನೊಂದರವು ಬೇರೆ ಲ್ಯಾಬಿನಲ್ಲಿ ಸೀಕ್ವೆನ್ಸ್ ಆಗಿದ್ದರೆ, ಯಂತ್ರದ ವ್ಯತ್ಯಾಸವೂ ಸಮೂಹದ ವ್ಯತ್ಯಾಸದ ವೇಷ ಹಾಕಿಕೊಂಡು ಬರುತ್ತದೆ. ಇದಕ್ಕೆ ಆಮೇಲೆ ಮಾಡುವ ಮದ್ದು ಅಷ್ಟಕ್ಕಷ್ಟೇ. ಸಾಧ್ಯವಿದ್ದರೆ ಪ್ರತಿ ಬ್ಯಾಚಿನಲ್ಲೂ ಎರಡೂ ಸಮೂಹಗಳನ್ನು ಬೆರೆಸಿ ಕಳಿಸಿ.

ಹಂತ 3: ಸ್ನಿಪ್‌ಗಳನ್ನು ಸೋಸಿ, ಆದರೆ ಕಣ್ಣುಮುಚ್ಚಿ ಸೋಸಬೇಡಿ

ಗುಣಮಟ್ಟ ಕಡಿಮೆ ಇರುವ, ಬಹಳ ಮಂದಿಯಲ್ಲಿ ಓದಲಾಗದ ಸ್ನಿಪ್‌ಗಳನ್ನು ತೆಗೆಯುವುದು ಎಲ್ಲರಿಗೂ ಗೊತ್ತು. ಕಾಲು ಜಾರುವುದು ಮುಂದಿನ ನಾಲ್ಕು ಕಡೆ.

ಹಾರ್ಡಿ-ವೈನ್‌ಬರ್ಗ್ ಪರೀಕ್ಷೆ. ಸಮೂಹದಲ್ಲಿ ಮಿಶ್ರ ಜೀನೋಟೈಪ್‌ಗಳು (ಎರಡು ಪ್ರತಿಗಳೂ ಬೇರೆ ಬೇರೆ ಇರುವವು) ನಿರೀಕ್ಷೆಯಷ್ಟಿವೆಯೇ ಎಂದು ನೋಡುವ ಪರೀಕ್ಷೆ ಇದು. ಸೀಕ್ವೆನ್ಸಿಂಗ್ ದೋಷ ಹಿಡಿಯಲು ಬಳಸುತ್ತಾರೆ. ಎರಡೂ ಸಮೂಹಗಳನ್ನು ಒಟ್ಟು ಸೇರಿಸಿ ಇದನ್ನು ಎಂದೂ ಮಾಡಬೇಡಿ. ಬೇರೆ ಬೇರೆ ಸಮೂಹಗಳನ್ನು ಒಂದಾಗಿ ನೋಡಿದಾಗ ಮಿಶ್ರ ಜೀನೋಟೈಪ್‌ಗಳು ಕಡಿಮೆಯಾಗಿ ಕಾಣುತ್ತವೆ ಎಂದು ಸ್ವೀಡನ್ನಿನ ಸ್ಟೆನ್ ವಾಲುಂಡ್ 1928ರಲ್ಲೇ ತೋರಿಸಿದ್ದರು. ಅಂದರೆ ನಿಜವಾಗಿ ಅಂತರ ಇರುವ ಸ್ನಿಪ್‌ಗಳೇ ಈ ಪರೀಕ್ಷೆಯಲ್ಲಿ ನಪಾಸಾಗಿ ಕಸದ ಬುಟ್ಟಿಗೆ ಹೋಗುತ್ತವೆ. ನೀವು ಅಳೆಯಬೇಕಾದದ್ದನ್ನೇ ನೀವು ಎಸೆದಿರುತ್ತೀರಿ. ಪ್ರತಿ ಸಮೂಹದಲ್ಲಿ ಬೇರೆ ಬೇರೆಯಾಗಿ, ಸಡಿಲ ಮಿತಿಯಿಟ್ಟು ಮಾಡಿ.

ಎಳೆಯ ಗೊಂದಲ. ಸ್ನಿಪ್ ಓದುವ ಎರಡು ಬೇರೆ ಚಿಪ್‌ಗಳ ಡೇಟಾ ಜೋಡಿಸುವಾಗ ಎ-ಟಿ ಮತ್ತು ಸಿ-ಜಿ ಸ್ನಿಪ್‌ಗಳಲ್ಲಿ ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದನ್ನು ಓದಿದ್ದಾರೆಂದು ಅಕ್ಷರ ನೋಡಿ ಹೇಳಲಾಗದು. ತಿರುಗುಮುರುಗಾದರೆ ಒಂದು ಕಡೆಯ 0.9 ಇನ್ನೊಂದು ಕಡೆ 0.1 ಆಗಿ ಕಾಣುತ್ತದೆ. ದೊಡ್ಡ ಎಫ್‌ಎಸ್‌ಟಿ ಇರುವ ಸ್ನಿಪ್‌ಗಳ ಪಟ್ಟಿಯಲ್ಲಿ ಎ-ಟಿ, ಸಿ-ಜಿಗಳೇ ತುಂಬಿದ್ದರೆ ಸಂಭ್ರಮಪಡುವ ಮೊದಲು ಇದನ್ನು ಪರೀಕ್ಷಿಸಿ. ಜೋಡಿಸುವಾಗಲೇ ಅವನ್ನು ಬಿಟ್ಟುಬಿಡುವುದು ಕ್ಷೇಮ.

ಅಪರೂಪದ ಆಲೀಲ್‌ಗಳು. ಇವನ್ನು ಎಲ್ಲಿ ನೋಡಿ ಸೋಸಿದಿರಿ ಎಂಬುದು ಉತ್ತರವನ್ನೇ ಬದಲಿಸುತ್ತದೆ. ಮೊದಲ ಸಮೂಹದಲ್ಲಿ ಸಾಮಾನ್ಯವಾಗಿರುವ ಸ್ನಿಪ್‌ಗಳನ್ನು ಮಾತ್ರ ಇಟ್ಟುಕೊಂಡರೆ ಒಂದು ಉತ್ತರ, ಎರಡನೆಯದರಲ್ಲಿ ಸಾಮಾನ್ಯವಾದವನ್ನು ಇಟ್ಟುಕೊಂಡರೆ ಇನ್ನೊಂದು. ಹೋಲಿಕೆಯಲ್ಲಿ ಇಲ್ಲದ ಮೂರನೇ ಸಮೂಹವೊಂದರಲ್ಲಿ ವ್ಯತ್ಯಯವಿರುವ ಸ್ನಿಪ್‌ಗಳನ್ನು ಆರಿಸಿಕೊಳ್ಳುವುದು ನನಗೆ ಒಪ್ಪಿಗೆಯಾದ ದಾರಿ. ಉದಾಹರಣೆಗೆ ಯುರೋಪ್ ಮತ್ತು ಚೀನಾ ಹೋಲಿಸಲು ನೈಜೀರಿಯಾದ ಯೊರುಬರಲ್ಲಿ ವ್ಯತ್ಯಯವಿರುವವನ್ನು ತೆಗೆದುಕೊಳ್ಳುವುದು. ಗೌರವ್ ಭಾಟಿಯಾ ಮತ್ತು ಸಂಗಡಿಗರು 2013ರ ಪ್ರಬಂಧದಲ್ಲಿ ಸೂಚಿಸಿದ್ದು ಇದನ್ನೇ.

ಕ್ರೋಮೊಸೋಮುಗಳನ್ನು ಬೆರೆಸಬೇಡಿ. ಎಕ್ಸ್, ವೈ ಮತ್ತು ಮೈಟೊಕಾಂಡ್ರಿಯಾದ ಪ್ರತಿಗಳು ಸಮೂಹದಲ್ಲಿ ಕಡಿಮೆ ಸಂಖ್ಯೆಯಲ್ಲಿರುತ್ತವೆ, ಅಲ್ಲಿ ಅಂತರ ಬೇಗ ಬೆಳೆಯುತ್ತದೆ. ಆನೆಗಳಲ್ಲಿ ಹೆಣ್ಣು ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತದೆ, ಗಂಡು ಬಿಟ್ಟುಹೋಗುತ್ತದೆ. ಹಾಗಾಗಿ ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾ ಹೇಳುವ ಕತೆ ಒಂದಾದರೆ ಉಳಿದ ಜೀನೋಮ್ ಹೇಳುವ ಕತೆ ಮತ್ತೊಂದು. ಎರಡನ್ನೂ ಬೇರೆ ಬೇರೆಯಾಗಿ ವರದಿ ಮಾಡಿ.

ಹಂತ 4: ಸೂತ್ರ ಆರಿಸಿ, ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ

ಕಂಪ್ಯೂಟರಿಗೆ ಕೊಡುವ ಮುನ್ನ ಮೂರು ಸ್ನಿಪ್‌ಗಳ ಲೆಕ್ಕವನ್ನು ಕಾಗದದ ಮೇಲೆ ಮಾಡಿ ಎಂದು ನಾನು ಎಲ್ಲರಿಗೂ ಒತ್ತಾಯ ಮಾಡುತ್ತೇನೆ. ಅರ್ಧ ಗಂಟೆಯ ಕೆಲಸ. ಮೇಲಿನ ಪ್ರಶ್ನೆಗಳಲ್ಲಿ ಬಹುಪಾಲು ಅಲ್ಲೇ ಕರಗುತ್ತವೆ.

ಕೆಳಗಿನ ಸಂಖ್ಯೆಗಳು ಉದಾಹರಣೆಗಾಗಿ ಕಟ್ಟಿದವು. ಎರಡು ಸಮೂಹ, ತಲಾ 10 ವ್ಯಕ್ತಿ, ಅಂದರೆ ತಲಾ 20 ಪ್ರತಿ. ಮೊದಲ ಸ್ನಿಪ್‌ನಲ್ಲಿ ಎ ಆಲೀಲ್ ಮೊದಲ ಸಮೂಹದಲ್ಲಿ 20ರಲ್ಲಿ 16, ಎರಡನೆಯದರಲ್ಲಿ 20ರಲ್ಲಿ 10. ಪ್ರಮಾಣಗಳು 0.8 ಮತ್ತು 0.5.

ಪಠ್ಯಪುಸ್ತಕದ ದಾರಿ ಮೊದಲು. ಮಸಾತೋಷಿ ನೇಯಿ 1973ರಲ್ಲಿ ಜಿಎಸ್‌ಟಿ ಎಂದು ಕರೆದದ್ದು ಇದನ್ನೇ. ಎರಡೂ ಸೇರಿದ ಸರಾಸರಿ ಪ್ರಮಾಣ 0.65. ಒಟ್ಟು ಹೆಟೆರೊಜೈಗಾಸಿಟಿ 2 × 0.65 × 0.35 = 0.455. ಸಮೂಹಗಳ ಒಳಗಿನದು 0.32 ಮತ್ತು 0.50, ಸರಾಸರಿ 0.41. ಒಟ್ಟಿನಿಂದ ಒಳಗಿನದನ್ನು ಕಳೆದು ಒಟ್ಟಿನಿಂದ ಭಾಗಿಸಿ: 0.045 ÷ 0.455 = 0.099.

ಈಗ ಹಡ್ಸನ್ ದಾರಿ. ರಿಚರ್ಡ್ ಹಡ್ಸನ್, ಮಾಂಟ್‌ಗೊಮರಿ ಸ್ಲಾಟ್ಕಿನ್ ಮತ್ತು ವೇಯ್ನ್ ಮ್ಯಾಡಿಸನ್ 1992ರಲ್ಲಿ ಕೊಟ್ಟದ್ದು. ಇಲ್ಲಿ ಛೇದದಲ್ಲಿ ಬರುವುದು ಎರಡನ್ನೂ ಬೆರೆಸಿದ ಒಟ್ಟು ವೈವಿಧ್ಯವಲ್ಲ; ಒಂದೊಂದು ಸಮೂಹದಿಂದ ಒಂದೊಂದು ಪ್ರತಿ ಎತ್ತಿದರೆ ಅವು ಬೇರೆಯಾಗಿರುವ ಸಂಭವನೀಯತೆ. ಪ್ರಮಾಣಗಳನ್ನು ಪ1, ಪ2 ಎಂದೂ ಪ್ರತಿಗಳ ಸಂಖ್ಯೆಯನ್ನು ನ1, ನ2 ಎಂದೂ ಕರೆದರೆ:

ಛೇದ = ಪ1 × (1 − ಪ2) + ಪ2 × (1 − ಪ1)

ಅಂಶ = (ಪ1 − ಪ2)ರ ವರ್ಗ − ಪ1 × (1 − ಪ1) ÷ (ನ1 − 1) − ಪ2 × (1 − ಪ2) ÷ (ನ2 − 1)

ನಮ್ಮ ಸ್ನಿಪ್‌ಗೆ ಛೇದ 0.4 + 0.1 = 0.5. ಅಂಶದ ಮೊದಲ ಭಾಗ 0.3ರ ವರ್ಗ, ಅಂದರೆ 0.09. ತಿದ್ದುಪಡಿ ಮಾಡದೆ ಭಾಗಿಸಿದರೆ 0.18. ಒಂದೇ ಡೇಟಾ, ಒಂದೇ ಸ್ನಿಪ್, ಒಂದು ಸೂತ್ರ 0.099 ಎನ್ನುತ್ತದೆ, ಇನ್ನೊಂದು 0.18 ಎನ್ನುತ್ತದೆ. ಹೆಚ್ಚುಕಡಿಮೆ ಎರಡು ಪಟ್ಟು! ಎರಡೂ ಸರಿ, ಆದರೆ ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಎರಡೇ ಸಮೂಹ ಇದ್ದಾಗ ನೇಯಿ ಸೂತ್ರದ "ಒಟ್ಟು" ಎಂಬುದರಲ್ಲಿ ಒಂದೇ ಸಮೂಹದ ಜೋಡಿಗಳೂ ಅರ್ಧದಷ್ಟು ಸೇರಿರುತ್ತವೆ, ಅಂತರ ಅಷ್ಟರಮಟ್ಟಿಗೆ ನೀರಾಗುತ್ತದೆ.

ಇನ್ನು ಅಂಶದ ಕೊನೆಯ ಎರಡು ಪದಗಳು. 20 ಪ್ರತಿಗಳನ್ನು ಮಾತ್ರ ನೋಡಿದ್ದರಿಂದ ಪ್ರಮಾಣಗಳು ಅದೃಷ್ಟದಿಂದಲೂ ಸ್ವಲ್ಪ ಆಚೀಚೆ ಆಗಿರುತ್ತವೆ. ಆ ಅಲುಗಾಟ ವರ್ಗವಾದಾಗ ಯಾವಾಗಲೂ ಧನಸಂಖ್ಯೆಯೇ ಆಗುವುದರಿಂದ ಅಂತರ ಉಬ್ಬುತ್ತದೆ. ಅದನ್ನು ಕಳೆಯಲೆಂದೇ ಆ ಪದಗಳಿವೆ: 0.16 ÷ 19 = 0.0084, 0.25 ÷ 19 = 0.0132. ಅಂಶ 0.0684ಕ್ಕೆ ಇಳಿಯುತ್ತದೆ. ಎಫ್‌ಎಸ್‌ಟಿ 0.137. ಇಲ್ಲಿ ನ ಎಂದರೆ ಪ್ರತಿಗಳ ಸಂಖ್ಯೆ, ವ್ಯಕ್ತಿಗಳದ್ದಲ್ಲ. 20ರ ಬದಲು 10 ಹಾಕಿದರೆ ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕಳೆದಿರುತ್ತೀರಿ. ಸ್ವಂತ ಕೋಡ್ ಬರೆಯುವವರು ಇಲ್ಲಿ ಬಹಳ ಎಡವುತ್ತಾರೆ.

ಎರಡನೇ ಸ್ನಿಪ್: ಪ್ರಮಾಣಗಳು 0.40 ಮತ್ತು 0.45. ವ್ಯತ್ಯಾಸದ ವರ್ಗ 0.0025, ಕಳೆಯಬೇಕಾದ್ದು 0.0257. ಅಂಶ −0.0232, ಛೇದ 0.49, ಎಫ್‌ಎಸ್‌ಟಿ −0.047. ಋಣ ಬಂತೆಂದು ಗಾಬರಿ ಬೇಡ. ನಿಜವಾದ ಅಂತರ ಸೊನ್ನೆಯ ಹತ್ತಿರ ಇದ್ದಾಗ ಪಕ್ಷಪಾತವಿಲ್ಲದ ಸೂತ್ರ ಕೆಲವು ಸಲ ಸೊನ್ನೆಯ ಮೇಲೆ, ಕೆಲವು ಸಲ ಕೆಳಗೆ ಬೀಳಲೇಬೇಕು. ಅದನ್ನು 0 ಎಂದು ತಿದ್ದಬೇಡಿ.

ಮೂರನೇ ಸ್ನಿಪ್: ಮೊದಲ ಸಮೂಹದಲ್ಲಿ ಒಂದೇ ಒಂದು ಪ್ರತಿ, ಎರಡನೆಯದರಲ್ಲಿ ಇಲ್ಲವೇ ಇಲ್ಲ. ಪ್ರಮಾಣಗಳು 0.05 ಮತ್ತು 0. ವರ್ಗ 0.0025, ಕಳೆಯಬೇಕಾದ್ದು 0.0475 ÷ 19, ಅದೂ 0.0025. ಅಂಶ ಸರಿಯಾಗಿ ಸೊನ್ನೆ, ಛೇದ 0.05. ಇದು ಕಾಕತಾಳೀಯವಲ್ಲ. ಸ್ಯಾಂಪಲ್ ಎಷ್ಟೇ ದೊಡ್ಡದಿರಲಿ, ಒಂದೇ ಸಲ ಕಂಡ ಆಲೀಲ್ ಈ ಸೂತ್ರದಲ್ಲಿ ಯಾವಾಗಲೂ ಸೊನ್ನೆಯನ್ನೇ ಕೊಡುತ್ತದೆ. ಪೂರ್ತಿ ಜೀನೋಮ್ ಓದಿದ ಡೇಟಾದಲ್ಲಿ ಇಂಥ ಸ್ನಿಪ್‌ಗಳು ರಾಶಿರಾಶಿ ಇರುತ್ತವೆ.

ಹಂತ 5: ಮೊದಲು ಕೂಡಿಸಿ, ಆಮೇಲೆ ಭಾಗಿಸಿ

ಈ ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಅದು ಈ ಶೀರ್ಷಿಕೆ. ಬ್ಯಾಟರ್ ಒಬ್ಬರ ಸ್ಟ್ರೈಕ್ ರೇಟ್ ತೆಗೆಯುವಾಗ ಒಟ್ಟು ರನ್ನನ್ನು ಒಟ್ಟು ಎಸೆತಗಳಿಂದ ಭಾಗಿಸುತ್ತೇವೆ; ಎರಡು ಎಸೆತ ಆಡಿ ಔಟಾದ ಇನ್ನಿಂಗ್ಸಿಗೂ ನೂರು ಎಸೆತ ಆಡಿದ ಇನ್ನಿಂಗ್ಸಿಗೂ ಒಂದೇ ತೂಕ ಕೊಡುವುದಿಲ್ಲ. ಇಲ್ಲೂ ಹಾಗೆಯೇ. ಎಲ್ಲ ಸ್ನಿಪ್‌ಗಳ ಅಂಶಗಳನ್ನು ಕೂಡಿಸಿ, ಛೇದಗಳನ್ನು ಕೂಡಿಸಿ, ಕೊನೆಗೆ ಒಮ್ಮೆ ಭಾಗಿಸಬೇಕು.

ನಮ್ಮ ಮೂರು ಸ್ನಿಪ್‌ಗಳಲ್ಲಿ ಅಂಶಗಳ ಮೊತ್ತ 0.0453, ಛೇದಗಳ ಮೊತ್ತ 1.04. ಉತ್ತರ 0.0435. ಪ್ರತಿ ಸ್ನಿಪ್‌ಗೆ ಬೇರೆ ಬೇರೆ ಭಾಗಿಸಿ ಸರಾಸರಿ ತೆಗೆದರೆ 0.0299. ಈಗ ಮೂರನೆಯದರಂಥ ಇನ್ನೂ ಹತ್ತು ಅಪರೂಪದ ಸ್ನಿಪ್‌ಗಳನ್ನು ಸೇರಿಸಿ. ಕೂಡಿಸಿ ಭಾಗಿಸುವ ದಾರಿಯಲ್ಲಿ 0.0294ಕ್ಕೆ ಇಳಿಯುತ್ತದೆ, ಸರಾಸರಿಯ ದಾರಿಯಲ್ಲಿ 0.0069ಕ್ಕೆ ಕುಸಿಯುತ್ತದೆ. ಜನರ ನಡುವಿನ ಅಂತರ ಎಳ್ಳಷ್ಟೂ ಬದಲಾಗಿಲ್ಲ. ಮೊದಲ ದಾರಿಯೂ ಪೂರ್ತಿ ಸ್ಥಿರವಲ್ಲ ಎಂಬುದನ್ನು ಗಮನಿಸಿ. ಸ್ನಿಪ್ ಆಯ್ಕೆಯ ಬಗ್ಗೆ ಮೂರನೇ ಹಂತದಲ್ಲಿ ಅಷ್ಟು ಹೇಳಿದ್ದು ಇದಕ್ಕೇ. ಋಣ ಮೌಲ್ಯವನ್ನು 0 ಎಂದು ತಿದ್ದಿದ್ದರೆ ಏನಾಗುತ್ತಿತ್ತು? ಮೊದಲ ಮೂರು ಸ್ನಿಪ್‌ಗಳ ಉತ್ತರ 0.0435ರ ಬದಲು 0.0658. ಒಂದೂವರೆ ಪಟ್ಟು ಉಬ್ಬು.

ಲೇಖನದ ಮೊದಲಿಗೆ ಬರೆದ 0.11 ಮತ್ತು 0.05 ಸುಮ್ಮನೆ ಹುಟ್ಟಿದ ಸಂಖ್ಯೆಗಳಲ್ಲ. ಯುರೋಪ್ ಮತ್ತು ಪೂರ್ವ ಏಷ್ಯಾದ ಜನರ ನಡುವೆ ಹ್ಯಾಪ್‌ಮ್ಯಾಪ್ ಯೋಜನೆಯ ಡೇಟಾದಿಂದ 0.11 ಬಂದಿತ್ತು, 1000 ಜೀನೋಮ್ಸ್ ಆರಂಭದ ವರದಿಯಲ್ಲಿ 0.052 ಬಂತು. ಭಾಟಿಯಾ ಮತ್ತು ಸಂಗಡಿಗರು 2013ರಲ್ಲಿ ಈ ಒಗಟು ಬಿಡಿಸಿದರು. ಸೂತ್ರ, ಸರಾಸರಿಯ ಬಗೆ, ಅಪರೂಪದ ಸ್ನಿಪ್‌ಗಳು, ಈ ಮೂರನ್ನೂ ಸರಿಪಡಿಸಿದಾಗ 0.106 ಬಂತು. ಅಂಥ ದೊಡ್ಡ ಜೀನೋಮ್ ಯೋಜನೆಗಳ ನಡುವೆಯೇ ಎರಡು ಪಟ್ಟು ವ್ಯತ್ಯಾಸ ಬರಬಹುದಾದರೆ ನಿಮ್ಮ ಪ್ರಾಜೆಕ್ಟಿನಲ್ಲಿ ಬಂದದ್ದಕ್ಕೆ ಕುಗ್ಗಬೇಕಿಲ್ಲ, ಕಾರಣ ಹುಡುಕಿದರೆ ಸಾಕು.

ಹಂತ 6: ಸಾಫ್ಟ್‌ವೇರ್

ಕೈಲೆಕ್ಕ ಮಾಡಿದವರಿಗೆ ಇದು ಸುಲಭ. ವಿಸಿಎಫ್‌ಟೂಲ್ಸ್ ಮತ್ತು ಪ್ಲಿಂಕ್ 1.9 ಬಳಸುವುದು ಬ್ರೂಸ್ ವಿಯರ್ ಮತ್ತು ಕ್ಲಾರ್ಕ್ ಕಾಕರ್‌ಹ್ಯಾಮ್ 1984ರಲ್ಲಿ ಕೊಟ್ಟ ಸೂತ್ರವನ್ನು. ಕೊನೆಯಲ್ಲಿ ಎರಡು ಸಂಖ್ಯೆ ಬರುತ್ತವೆ, ಒಂದರ ಹೆಸರು ಮೀನ್, ಇನ್ನೊಂದರದು ವೆಯ್ಟೆಡ್. ಮೊದಲನೆಯದು ಪ್ರತಿ ಸ್ನಿಪ್ ಭಾಗಿಸಿದ ಸರಾಸರಿ, ಎರಡನೆಯದು ಕೂಡಿಸಿ ಭಾಗಿಸಿದ್ದು. ನಿಮಗೆ ಬೇಕಾದದ್ದು ವೆಯ್ಟೆಡ್. ಪ್ಲಿಂಕ್ 2ರಲ್ಲಿ ಹಡ್ಸನ್ ಸೂತ್ರವೇ ಮೊದಲ ಆಯ್ಕೆ. ಬೇಕಿದ್ದರೆ ವಿಯರ್-ಕಾಕರ್‌ಹ್ಯಾಮ್‌ಗೆ ಬದಲಿಸಬಹುದು.

ಯಾವುದು ಮೇಲು? ಎರಡೂ ಕಡೆ ಸ್ಯಾಂಪಲ್ ಸಂಖ್ಯೆ ಸಮ ಇದ್ದರೆ ಎರಡೂ ಹತ್ತಿರ ಹತ್ತಿರ ಬರುತ್ತವೆ. ಒಂದು ಕಡೆ 100, ಇನ್ನೊಂದು ಕಡೆ 8 ಇದ್ದರೆ ವಿಯರ್-ಕಾಕರ್‌ಹ್ಯಾಮ್ ಉತ್ತರ ಸ್ಯಾಂಪಲ್‌ಗಳ ಅನುಪಾತದ ಮೇಲೆ ವಾಲಬಹುದು. ಎರಡೇ ಸಮೂಹ ಹೋಲಿಸುವವರಿಗೆ ನನ್ನ ಸಲಹೆ ಹಡ್ಸನ್. ಸ್ಯಾಂಪಲ್ ಕಡಿಮೆ ಎಂದು ಕೊರಗುವವರಿಗೆ ಒಂದು ಸಮಾಧಾನದ ಮಾತು: ಸ್ನಿಪ್‌ಗಳು ಸಾವಿರಗಟ್ಟಲೆ ಇದ್ದರೆ ಸಮೂಹಕ್ಕೆ ಆರೇಳು ವ್ಯಕ್ತಿಗಳಿಂದಲೂ ಜೀನೋಮಿನ ಒಟ್ಟಾರೆ ಎಫ್‌ಎಸ್‌ಟಿಯನ್ನು ನಂಬುವಷ್ಟು ಅಂದಾಜಿಸಬಹುದು. ಹಾಗೆಂದು ಒಂದೊಂದು ಸ್ನಿಪ್‌ನ ಮೌಲ್ಯವನ್ನು ಅಷ್ಟರಿಂದ ನಂಬಲಾಗದು.

ಹಂತ 7: ಅಂದಾಜು ಎಷ್ಟು ಗಟ್ಟಿ ಎಂದು ನೋಡಿ

ಹತ್ತು ಲಕ್ಷ ಸ್ನಿಪ್ ಇದ್ದರೆ ಹತ್ತು ಲಕ್ಷ ಸ್ವತಂತ್ರ ಸಾಕ್ಷಿಗಳಿವೆ ಎಂದಲ್ಲ. ಪಕ್ಕಪಕ್ಕದ ಸ್ನಿಪ್‌ಗಳು ಒಟ್ಟೊಟ್ಟಿಗೇ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತವೆ. ಅವನ್ನು ಸ್ವತಂತ್ರ ಎಂದುಕೊಂಡು ಪ್ರಮಾಣ ದೋಷ (ಸ್ಟ್ಯಾಂಡರ್ಡ್ ಎರರ್, ಅಂದಾಜು ಎಷ್ಟು ಆಚೀಚೆ ಆಗಬಹುದೆಂಬ ಅಳತೆ) ತೆಗೆದರೆ ಅದು ಸುಳ್ಳೇ ಸಣ್ಣದಾಗಿ ಕಾಣುತ್ತದೆ. ಇದಕ್ಕೆ ಬ್ಲಾಕ್ ಜ್ಯಾಕ್‌ನೈಫ್ ವಿಧಾನವಿದೆ. ಜೀನೋಮನ್ನು 50 ಲಕ್ಷ ಅಕ್ಷರಗಳ ತುಂಡುಗಳಾಗಿ ಕತ್ತರಿಸಿ. ಮನುಷ್ಯರಲ್ಲಿ ಐನೂರಕ್ಕೂ ಹೆಚ್ಚು ತುಂಡು ಸಿಗುತ್ತವೆ. ಪ್ರತಿ ಸಲ ಒಂದು ತುಂಡು ಬಿಟ್ಟು ಉಳಿದದ್ದರಿಂದ ಎಫ್‌ಎಸ್‌ಟಿ ಲೆಕ್ಕ ಹಾಕಿ. ಆ ಉತ್ತರಗಳ ಸರಾಸರಿಯಿಂದ ಒಂದೊಂದೂ ಎಷ್ಟು ದೂರವೋ ಅದರ ವರ್ಗಗಳನ್ನು ಕೂಡಿಸಿ, ತುಂಡುಗಳ ಸಂಖ್ಯೆಯಲ್ಲಿ ಒಂದು ಕಳೆದು ಅದರಿಂದ ಗುಣಿಸಿ, ತುಂಡುಗಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಅದೇ ಪ್ರಮಾಣ ದೋಷ. ಪ್ಲಿಂಕ್ 2 ಇದನ್ನು ತಾನೇ ಮಾಡಿಕೊಡುತ್ತದೆ, ಆದರೆ ಅಲ್ಲಿ ತುಂಡಿನ ಗಾತ್ರವನ್ನು ಸ್ನಿಪ್‌ಗಳ ಸಂಖ್ಯೆಯಲ್ಲಿ ಕೊಡಬೇಕು.

ಎರಡು ಸಮೂಹ ನಿಜಕ್ಕೂ ಬೇರೆಯೇ ಎಂದು ಪರೀಕ್ಷಿಸಲು ಸಮೂಹದ ಹೆಸರುಗಳನ್ನು ವ್ಯಕ್ತಿಗಳ ನಡುವೆ ಸಾವಿರ ಸಲ ಕಲಸಿ ಪ್ರತಿ ಸಲ ಲೆಕ್ಕ ಹಾಕುವ ರೂಢಿಯಿದೆ. ಕಲಸುವಾಗ ಇಡೀ ವ್ಯಕ್ತಿಯನ್ನು ಎತ್ತಿಡಿ, ಆಲೀಲ್‌ಗಳನ್ನು ಬಿಡಿಬಿಡಿಯಾಗಿ ಅಲ್ಲ. ಮತ್ತು ಲಕ್ಷಾಂತರ ಸ್ನಿಪ್ ಇದ್ದಾಗ 0.001ರಷ್ಟು ಅಂತರವೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಪಾಸಾದದ್ದೆಲ್ಲ ಮಹತ್ವದ್ದಲ್ಲ.

ಹಂತ 8: ಸಂಖ್ಯೆಯನ್ನು ಓದುವುದು

0.05ರ ಒಳಗೆ ಕಡಿಮೆ, 0.15ರವರೆಗೆ ಮಧ್ಯಮ, 0.25ರವರೆಗೆ ಹೆಚ್ಚು, ಅದರಾಚೆ ಬಹಳ ಹೆಚ್ಚು ಎಂಬ ಪಟ್ಟಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದು ರೈಟ್ 1978ರಲ್ಲಿ ಕೊಟ್ಟ ಒರಟು ಮಾರ್ಗಸೂಚಿ. ಎಲ್ಲ ಜೀವಿಗಳಿಗೂ ಎಲ್ಲ ಮಾರ್ಕರುಗಳಿಗೂ ಅದನ್ನು ಅಳತೆಗೋಲು ಮಾಡಬೇಡಿ. ಮುಖ್ಯವಾಗಿ ಮೈಕ್ರೋಸ್ಯಾಟಲೈಟ್ ಬಳಸುವವರು ಗಮನಿಸಿ. ಒಂದು ಜಾಗದಲ್ಲಿ ಹತ್ತಾರು ಆಲೀಲ್‌ಗಳಿರುವ ಮಾರ್ಕರ್ ಅದು. ಸಮೂಹದ ಒಳಗಿನ ಹೆಟೆರೊಜೈಗಾಸಿಟಿ 0.8 ಇದ್ದರೆ, ಎರಡು ಸಮೂಹಗಳಲ್ಲಿ ಒಂದೂ ಆಲೀಲ್ ಸಮಾನವಾಗಿಲ್ಲದಿದ್ದರೂ ಜಿಎಸ್‌ಟಿ 0.11 ದಾಟಲಾರದು. ಫಿಲಿಪ್ ಹೆಡ್ರಿಕ್ 2005ರಲ್ಲಿ ಇದಕ್ಕೆ ತಿದ್ದುಪಡಿ ಕೊಟ್ಟರು, ಲೂ ಜೋಸ್ಟ್ 2008ರಲ್ಲಿ ಡಿ ಎಂಬ ಬೇರೆಯದೇ ಅಳತೆ ಕೊಟ್ಟರು. ಅವು ಎಫ್‌ಎಸ್‌ಟಿಗೆ ಬದಲಿಯಲ್ಲ, ಜತೆಗೆ ಕೊಡಬೇಕಾದವು.

ಎಫ್‌ಎಸ್‌ಟಿಯಿಂದ ವಲಸೆಯ ಲೆಕ್ಕ ತೆಗೆಯುವ ಆಸೆ ಬಹಳ ಮಂದಿಗೆ. ಎಫ್‌ಎಸ್‌ಟಿ 0.02 ಇದ್ದರೆ, ರೈಟ್ ಅವರ ದ್ವೀಪ ಮಾದರಿಯ ಸೂತ್ರದ ಪ್ರಕಾರ ತಲೆಮಾರಿಗೆ ಹನ್ನೆರಡು ಜೀವಿಗಳು ಬಂದುಹೋಗುತ್ತಿವೆ ಎಂದು ಬರುತ್ತದೆ. ಆ ಸೂತ್ರಕ್ಕೆ ಎಲ್ಲ ಸಮೂಹಗಳೂ ಸಮಗಾತ್ರದವಾಗಿರಬೇಕು, ವಲಸೆ ಎಲ್ಲ ಕಡೆಗೂ ಸಮ ಇರಬೇಕು, ಪರಿಸ್ಥಿತಿ ಬಹುಕಾಲ ಬದಲಾಗದೆ ಇರಬೇಕು. ನಮ್ಮ ಕಾಡುಗಳಲ್ಲಿ ಇದ್ಯಾವುದೂ ನಿಜವಲ್ಲ. ಮೈಕೆಲ್ ವಿಟ್‌ಲಾಕ್ ಮತ್ತು ಡೇವಿಡ್ ಮೆಕಾಲಿ 1999ರಲ್ಲೇ ಇದರ ವಿರುದ್ಧ ಎಚ್ಚರಿಸಿದ್ದಾರೆ. ಕಳೆದ ಮೂವತ್ತು ವರ್ಷಗಳಲ್ಲಿ ಹೆದ್ದಾರಿ, ಕಾಲುವೆ, ತೋಟಗಳಿಂದ ಮುಚ್ಚಿಹೋದ ಆನೆದಾರಿಯ ಪರಿಣಾಮ ಇಂದಿನ ಎಫ್‌ಎಸ್‌ಟಿಯಲ್ಲಿ ಇನ್ನೂ ಕಾಣದೇ ಇರಬಹುದು. ಆನೆಯ ಒಂದು ತಲೆಮಾರೇ ಎರಡು ದಶಕಕ್ಕೂ ಹೆಚ್ಚು. "ಅಂತರ ಇಲ್ಲ, ಆದ್ದರಿಂದ ಕಾರಿಡಾರ್ ಬೇಡ" ಎಂದು ಈ ಸಂಖ್ಯೆಯಿಂದ ಯಾರಾದರೂ ವಾದಿಸಿದರೆ ದಯವಿಟ್ಟು ಒಪ್ಪಬೇಡಿ. ಹಿಂದಿನ ಸಂಪರ್ಕವನ್ನು ಇಂದಿನ ಸಂಪರ್ಕವೆಂದು ಓದಿದರೆ ಕಾಡಿಗೆ ನಷ್ಟ.

ಮನುಷ್ಯರ ಡೇಟಾದಲ್ಲಿ ಜವಾಬ್ದಾರಿ ಇನ್ನೂ ಹೆಚ್ಚು. 0.1 ಎಂದರೆ ಶೇ 10ರಷ್ಟು ಜೀನ್‌ಗಳು ಬೇರೆ ಎಂದಲ್ಲ. ರಿಚರ್ಡ್ ಲೆವಾಂಟಿನ್ 1972ರಲ್ಲಿ ರಕ್ತದ ಗುಂಪು ಮತ್ತು ಪ್ರೋಟೀನುಗಳ ಮಾಹಿತಿಯಿಂದ ಲೆಕ್ಕ ಹಾಕಿದಾಗ ಮಾನವ ವೈವಿಧ್ಯದ ಶೇ 85ರಷ್ಟು ಸಮೂಹಗಳ ಒಳಗೇ ಇತ್ತು. ಹಾಗೆಯೇ ಜೀನೋಮಿನ ಸರಾಸರಿ ಒಂದೊಂದು ಜೀನಿನ ಬಗ್ಗೆ ಏನೂ ಹೇಳುವುದಿಲ್ಲ. ಯುರೋಪಿನವರು ಮತ್ತು ಯೊರುಬರ ನಡುವೆ ಸರಾಸರಿ 0.14ರ ಆಸುಪಾಸು ಇದ್ದರೂ, ಡಫಿ ರಕ್ತಗುಂಪಿನ ಒಂದು ಸ್ನಿಪ್‌ನಲ್ಲಿ ಅದು 1ರ ಹತ್ತಿರಕ್ಕೆ ಹೋಗುತ್ತದೆ. ವೈವಾಕ್ಸ್ ಮಲೇರಿಯಾದಿಂದ ಕಾಪಾಡುವ ರೂಪ ಪಶ್ಚಿಮ ಆಫ್ರಿಕಾದಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇದೆ, ಯುರೋಪಿನಲ್ಲಿ ಇಲ್ಲವೆನ್ನಬಹುದು.

ಹಂತ 9: ಬರೆದಿಡುವುದು

ನಿಮ್ಮ ವರದಿಯ ವಿಧಾನದ ಭಾಗದಲ್ಲಿ ಇವಿಷ್ಟು ಇರಲಿ: ಯಾವ ಸೂತ್ರ, ಕೂಡಿಸಿ ಭಾಗಿಸಿದ್ದೇ ಅಥವಾ ಸರಾಸರಿಯೇ, ಋಣ ಮೌಲ್ಯಗಳನ್ನು ಹಾಗೇ ಇಟ್ಟಿರೇ, ಸ್ನಿಪ್‌ಗಳನ್ನು ಎಲ್ಲಿ ನೋಡಿ ಆರಿಸಿದಿರಿ, ಎಷ್ಟು ಉಳಿದವು, ಪ್ರತಿ ಸಮೂಹದಲ್ಲಿ ಸಂಬಂಧಿಕರನ್ನು ತೆಗೆದ ಮೇಲೆ ಎಷ್ಟು ವ್ಯಕ್ತಿಗಳು, ಪ್ರಮಾಣ ದೋಷ ಮತ್ತು ತುಂಡಿನ ಗಾತ್ರ, ಸಾಫ್ಟ್‌ವೇರಿನ ಹೆಸರು ಮತ್ತು ಆವೃತ್ತಿ. ಎಫ್‌ಎಸ್‌ಟಿಯ ಜತೆಗೆ ಅಂಶ ಮತ್ತು ಛೇದಗಳ ಮೊತ್ತವನ್ನೂ ಪೂರಕ ಕೋಷ್ಟಕದಲ್ಲಿ ಕೊಟ್ಟರೆ ಮುಂದೆ ಬರುವವರು ನಿಮ್ಮ ಲೆಕ್ಕವನ್ನು ತಮ್ಮ ಲೆಕ್ಕದ ಜತೆ ನೇರವಾಗಿ ಕೂಡಿಸಿಕೊಳ್ಳಬಹುದು. ಹಳೆಯ ಪ್ರಬಂಧವೊಂದರ ಸಂಖ್ಯೆಗೆ ಹೋಲಿಸಬೇಕಿದ್ದು ಅಲ್ಲಿ ಈ ವಿವರಗಳಿಲ್ಲದಿದ್ದರೆ, ಅವರ ಡೇಟಾ ಸಿಕ್ಕಿದರೆ ನಿಮ್ಮ ಸೂತ್ರದಲ್ಲೇ ಮತ್ತೆ ಲೆಕ್ಕ ಹಾಕಿ. ಸಿಗದಿದ್ದರೆ ಎರಡೂ ಸಂಖ್ಯೆಗಳನ್ನು ಒಂದೇ ಕೋಷ್ಟಕದ ಒಂದೇ ಸಾಲಿನಲ್ಲಿ ಇಡಬೇಡಿ.